ಬಾನಿನ ಶಾಸನ

ಗತಕಾಲವನ್ನು ಅರಿಯಲು ನಾವು ಗ್ರಂಥಗಳನ್ನು ಓದುತ್ತೇವೆ, ಶಾಸನಗಳನ್ನು ಪರಿಶೀಲಿಸುತ್ತೇವೆ. ಆದರೆ ಗತಕಾಲವನ್ನು ಕಣ್ಣಾರೆ ಕಾಣುವ ಸಾಧನವೊಂದು ನಮ್ಮ ತಲೆಯ ಮೇಲೆಯೇ ಇದೆ. ಅದೇ ಇರುಳಿನ ಆಕಾಶ.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. ಆದರೂ ದಾರಿ ಸವೆಸಲು ಅದಕ್ಕೆ ಕಾಲ ಬೇಕು. ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳನ್ನು ಗಮನಿಸಿ, ಡೆನ್ಮಾರ್ಕಿನ ಓಲೆ ರೋಮರ್ 1676ರಲ್ಲಿಯೇ ಇದನ್ನು ತೋರಿಸಿಕೊಟ್ಟನು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಲುಬ್ಧಕ ನಕ್ಷತ್ರದ ಬೆಳಕಿಗೆ ಸುಮಾರು 8.6 ವರ್ಷ ಬೇಕು. ಇಂದು ನೀವು ಕಾಣುವ ಲುಬ್ಧಕನ ಕಿರಣ ಹೊರಟಾಗ ನೀವಿನ್ನೂ ಐದಾರು ವರ್ಷದ ಮಕ್ಕಳು! ಮಹಾವ್ಯಾಧನ ಖಡ್ಗದಲ್ಲಿ ಮಸುಕಾಗಿ ತೋರುವ ನೀಹಾರಿಕೆಯು ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಈ ಬೆಳಕು ಹೊರಟಾಗ ಕನ್ನಡನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು.

ಹಾಗಾದರೆ ನಮಗೆ ಕಾಣುವ ತಾರೆಗಳೆಲ್ಲ ಎಂದೋ ಅಳಿದಿವೆಯೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ತಾರೆಗಳ ಆಯುಸ್ಸು ಲಕ್ಷೋಪಲಕ್ಷ, ಕೋಟ್ಯಂತರ ವರ್ಷಗಳದು. ಬರಿಗಣ್ಣಿಗೆ ತೋರುವ ತಾರೆಗಳ ಬೆಳಕು ದಾರಿಯಲ್ಲಿ ಕಳೆದ ಕಾಲ ಅದರ ಮುಂದೆ ಅತ್ಯಲ್ಪ. ಅವುಗಳಲ್ಲಿ ಬಹುತೇಕ ಎಲ್ಲವೂ ಇಂದಿಗೂ ಉರಿಯುತ್ತಿವೆ.

ಆದರೆ ಅವು ನಮ್ಮ ಕಣ್ಣಿಗೆ ಮರೆಯಾಗುತ್ತಿವೆ. ಶಾಸನದ ಕಲ್ಲಿಗೆ ಸುಣ್ಣ ಬಳಿದರೆ ಅಕ್ಷರಗಳು ಅಲ್ಲಿಯೇ ಇದ್ದರೂ ಓದಲು ಬಾರವು. ನಗರಗಳ ವಿದ್ಯುದ್ದೀಪಗಳು ಆಕಾಶಕ್ಕೆ ಮಾಡುತ್ತಿರುವುದೂ ಇದನ್ನೇ. ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ನಮ್ಮ ವಿಜ್ಞಾನಿಗಳು ನಡೆಸುವ 2 ಮೀಟರ್ ವ್ಯಾಸದ ದೂರದರ್ಶಕವು ದೂರದ ಲಡಾಖಿನ ಹಾನ್ಲೆಯಲ್ಲಿದೆ. ಅಲ್ಲಿನ ಶುಭ್ರವಾದ ಕತ್ತಲೆಯನ್ನು ಕಾಪಾಡಲು ಆ ಪ್ರದೇಶವನ್ನು 2022ರಲ್ಲಿ ರಕ್ಷಿತವಲಯವೆಂದು ಸಾರಲಾಯಿತು. ಹಾನ್ಲೆಗೆ ದೊರೆತ ಈ ಕಾಳಜಿ ನಮ್ಮ ಊರುಗಳಿಗೂ ಸ್ವಲ್ಪಮಟ್ಟಿಗಾದರೂ ದೊರೆಯಬೇಕು.

ಬೀದಿಗೆ ದೀಪ ಬೇಡವೆಂದು ಯಾರೂ ಹೇಳಲಾರರು. ಇರುಳಲ್ಲಿ ನಡೆಯುವವರಿಗೆ ಅದು ಆಸರೆ. ಆದರೆ ಮೇಲಕ್ಕೆ ಚೆಲ್ಲುವ ಬೆಳಕಿನಿಂದ ಯಾವ ದಾರಿಹೋಕನಿಗೂ ಪ್ರಯೋಜನವಿಲ್ಲ. ದೀಪಕ್ಕೊಂದು ಮರೆಯಿಟ್ಟು ಬೆಳಕನ್ನು ನೆಲದ ಕಡೆಗೆ ತಿರುಗಿಸಿದರೆ ದಾರಿಯೂ ಕಾಣುತ್ತದೆ, ತಾರೆಯೂ ಕಾಣುತ್ತದೆ; ವಿದ್ಯುತ್ತೂ ಉಳಿಯುತ್ತದೆ. ಹಿರಿಯರು ಕೆತ್ತಿಸಿದ ಶಾಸನಗಳನ್ನು ರಕ್ಷಿಸುವುದು ಕರ್ತವ್ಯವೆನ್ನುವ ನಾವು, ಅವರೂ ತಲೆಯೆತ್ತಿ ನೋಡಿದ ಆಕಾಶವನ್ನು ಮುಂದಿನವರಿಗೆ ಉಳಿಸಿಕೊಡುವುದನ್ನೂ ಕರ್ತವ್ಯವೆಂದೇ ತಿಳಿಯಬೇಕು. ಮುಂಬರುವ ಅಮಾವಾಸ್ಯೆಯ ಇರುಳು ಅಂಗಳದ ದೀಪವನ್ನು ತುಸು ಹೊತ್ತು ಆರಿಸಿ, ಮನೆಯವರೊಡನೆ ಆಕಾಶವನ್ನು ನೋಡಿರಿ.