ಇಲಿಯ ಬಿಲಕ್ಕೆ ಸ್ಫೋಟಕ ವಾಯು ಸಲ್ಲುವುದೇ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ಬುಡವನ್ನು ಕಡಿದು ಬೆಳೆಯನ್ನು ನೆಲಕ್ಕೊರಗಿಸುವ ಇಲಿ ಹೆಗ್ಗಣಗಳ ಕಾಟವು ಜಮೀನುದಾರರೆಲ್ಲರಿಗೂ ವಿದಿತವಾದುದೇ ಆಗಿದೆ. ಇವುಗಳ ನಾಶಕ್ಕೆ ಹೊರದೇಶಗಳಲ್ಲಿ ಒಂದು ಯಂತ್ರವು ಬಳಕೆಯಲ್ಲಿರುತ್ತದೆ. ನೂರಕ್ಕೆ ಸುಮಾರು 3 ಪಾಲು ಪ್ರೊಪೇನ್, 97 ಪಾಲು ಆಮ್ಲಜನಕ ಬೆರೆಸಿ, ಬಿಲದೊಳಗೆ ತುಂಬಿ, ಕಿಡಿಯಿಂದ ಸಿಡಿಸುವುದೇ ಅದರ ಕ್ರಮ. ವಿಷವು ನೆಲದಲ್ಲಿ ಉಳಿಯದೆಂಬುದು ಅದರ ಗುಣ. ಆದರೆ ಒಂದು ಸೀಮೆಗೆ ಒಪ್ಪಿದ ಉಪಾಯವು ಇನ್ನೊಂದಕ್ಕೆ ಒಪ್ಪಲೇಬೇಕೆಂಬ ನಿಯಮವಿಲ್ಲ.

ಈ ಸೀಮೆಯು ಕಾಲುವೆಯ ಸೀಮೆ. ಧೂಪದಾಳದ ಒಡ್ಡಿನಿಂದ 1897 ರಿಂದಲೂ ಘಟಪ್ರಭೆಯ ನೀರು ಹರಿಯುತ್ತಿದೆ. ಹಿಡಕಲ್ ಜಲಾಶಯವು ಅದಕ್ಕೆ ಬಲ ಕೊಟ್ಟಿದೆ. ಹೆಗ್ಗಣಗಳಿಗೆ ಕಾಲುವೆಯ ಏರಿಯೂ ಹೊಲದ ಬದುವೂ ಪ್ರಿಯವಾದ ನೆಲೆ. ಮೊದಲೇ ಟೊಳ್ಳಾದ ಏರಿಯಲ್ಲಿ ಸ್ಫೋಟ ಮಾಡಿದರೆ ಇಲಿ ಸತ್ತರೂ ಏರಿ ಒಡೆದೀತು. ಒಣ ರವದಿಗೆ ಕಿಡಿ ತಗಲಿದರೆ ನೆರೆಹೊರೆಯ ಕಬ್ಬೂ ಉರಿದೀತು. ಬಿಲದೊಳಗೆ ಉಡವೋ ಕೇರೆಹಾವೋ ಇದ್ದರೆ, ಅವು 1972ರ ವನ್ಯಜೀವಿ ಕಾನೂನಿನಿಂದ ರಕ್ಷಿತವಾದ ಪ್ರಾಣಿಗಳು; ಮೇಲಾಗಿ ಕೇರೆಯು ಇಲಿಯ ವೈರಿ, ರೈತನ ಮಿತ್ರ.

ವಾಯುಗಳ ಸ್ವಭಾವವನ್ನೂ ಅರಿಯತಕ್ಕದ್ದು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ಕಣ್ಣಿಗೆ ಕಾಣದೆ ನಿಲ್ಲುವುದು. ಆಮ್ಲಜನಕವು ತಾನು ಉರಿಯದು, ಆದರೆ ಇತರ ವಸ್ತುಗಳನ್ನು ಉಗ್ರವಾಗಿ ಉರಿಸುವುದು. ಅದರ ಕವಾಟಕ್ಕೆ ಎಣ್ಣೆ ಗ್ರೀಸು ತಗಲಿದರೂ ಬೆಂಕಿಯ ಭಯ. ಟ್ರ್ಯಾಕ್ಟರ್ ದುರಸ್ತಿ ಮಾಡಿದ ಕೈಯಿಂದ ಅದನ್ನು ಮುಟ್ಟಲಾಗದು. ಸಿಲಿಂಡರುಗಳನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿಯಬೇಕು. ಎರಡು ಬಗೆಯವನ್ನು ಕನಿಷ್ಠ 6 ಮೀಟರು ದೂರದಲ್ಲಿ ಬೇರೆಯಾಗಿಡಬೇಕು. ಸೋರಿಕೆಯನ್ನು ಸಾಬೂನಿನ ನೀರಿನಿಂದಲೇ ಪರೀಕ್ಷಿಸಬೇಕು, ಕಡ್ಡಿ ಗೀರಿ ನೋಡಬಾರದು. ಇವುಗಳ ಸಂಗ್ರಹಕ್ಕೂ ಸಾಗಣೆಗೂ 2016ರ ಗ್ಯಾಸ್ ಸಿಲಿಂಡರ್ ನಿಯಮಗಳುಂಟು. ಅಡಿಗೆಯ ಸಿಲಿಂಡರನ್ನು ಹೊಲಕ್ಕೊಯ್ಯುವುದು ಕಾನೂನಿಗೂ ವಿವೇಕಕ್ಕೂ ವಿರುದ್ಧ.

ಆದಕಾರಣ ತರಬೇತಿಯಿಲ್ಲದ ಕೈಗೆ ಈ ಯಂತ್ರವು ಸಲ್ಲದು. ಕಾಲುವೆಯ ಏರಿಗಂತೂ ಯಾರ ಕೈಯಿಂದಲೂ ಸಲ್ಲದು. ಒಬ್ಬನ ಹೊಲದಿಂದ ಅಟ್ಟಿದ ಇಲಿ ಇನ್ನೊಬ್ಬನ ಹೊಲ ಸೇರುವುದರಿಂದ ಊರಿನವರೆಲ್ಲರೂ ಒಂದೇ ದಿನ ಕೂಡಿ ಮಾಡುವ ಕೆಲಸವೇ ಉತ್ತಮ. ಮುಂಗಾರಿಗೆ ಮುಂಚೆ ಸಂಜೆ ಬಿಲಗಳನ್ನೆಲ್ಲ ಮುಚ್ಚಿ, ಮರುದಿನ ತೆರೆದವುಗಳಿಗೆ ಮಾತ್ರ ಮದ್ದಿಡಬೇಕು. ಎರಡು ದಿನ ಬರಿಯ ನುಚ್ಚಿನ ರುಚಿ ತೋರಿಸಿ, ಬಳಿಕ ನುಚ್ಚು 96, ಎಣ್ಣೆ 2, ಜಿಂಕ್ ಫಾಸ್ಫೈಡ್ 2 ಪಾಲು ಬೆರೆಸಿಡತಕ್ಕದ್ದು. ಇದೂ ಘೋರ ವಿಷವೇ; ಕೈಗವಸು ಧರಿಸಿ, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ಸತ್ತ ಇಲಿಗಳನ್ನೂ ಉಳಿದ ಮದ್ದನ್ನೂ ಆಳವಾಗಿ ಹೂಳಬೇಕು. ಬದುಗಳನ್ನು ಕಿರಿದಾಗಿಸಿ ಕಳೆ ತೆಗೆದರೆ ಇಲಿಗೆ ನೆಲೆಯೇ ತಪ್ಪುವುದು.

ಸಿಡಿತದ ಸದ್ದಿಗೆ ಮರುಳಾಗದೆ ಊರ ಹಿರಿಯರು ಮುಂದೆ ನಿಂತು ಇಂಥ ಒಂದು ದಿನವನ್ನು ಗೊತ್ತುಮಾಡಿದರೆ, ಬೆಳೆಯೂ ಏರಿಯೂ ಆಳುಮಕ್ಕಳ ಪ್ರಾಣವೂ ಉಳಿಯುವುವು.