ಆರೋಗ್ಯ ವಿಚಾರ: ಹಾಲಿನ ಲೋಟವೂ ಆಟದ ಗಂಟೆಯೂ

ಕೋಲಾರದ ಚಿನ್ನದ ಗಣಿಯು 2001ನೆಯ ಫೆಬ್ರವರಿ 28ರಂದು ಮುಚ್ಚಿದ ಮೇಲೆ, ಅಲ್ಲಿಯ ಅನೇಕ ಗೃಹಸ್ಥರು ನಸುಕಿನಲ್ಲಿಯೇ ರೈಲನ್ನೇರಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಿರುವರು. ಹಿರಿಯರು ಹೀಗೆ ಹೊರಟ ಮನೆಯಿಂದ ಮಗುವು ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗುವ ಭಯವುಂಟು. ಹಸಿದ ಮಗುವಿಗೆ ಪಾಠವು ಹತ್ತದು.

ಈ ಕೊರತೆಯನ್ನು ತುಂಬಲು ಸರ್ಕಾರದವರು ಮಾಡಿದ ಏರ್ಪಾಡು ಶ್ಲಾಘ್ಯವಾದುದು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವೂ, 2013ರಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಆರಂಭವಾದುವು. 2024ರಲ್ಲಿ ಹಾಲಿಗೆ ರಾಗಿಯ ಮಾಲ್ಟೂ ಕೂಡಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು. ಬಿಳಿಯ ಅಕ್ಕಿಯಲ್ಲಿ 10ರಷ್ಟು ಮಾತ್ರ.

ಆದರೆ ಉಂಡದ್ದು ಮೈಗೂಡಬೇಕಾದರೆ ಮೈ ದಣಿಯಬೇಕು. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಓಡಿಯಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಪರೀಕ್ಷೆಯು ಸಮೀಪಿಸಿದೊಡನೆ ಆಟದ ಗಂಟೆಯನ್ನು ಲೆಕ್ಕದ ಪಾಠಕ್ಕೆ ಬಿಟ್ಟುಕೊಡುವ ರೂಢಿಯನ್ನು ನಾವು ಒಪ್ಪಲಾರೆವು. ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ತಾಯಿತಂದೆಗಳಿಗೂ ಸ್ಥಾನವುಂಟು; ವಾಚಕರು ಅಲ್ಲಿ ಆ ಗಂಟೆಯನ್ನು ಕೇಳಿ ಉಳಿಸಿಕೊಳ್ಳತಕ್ಕದ್ದು.

ರಜೆಯ ದಿನ ಶಾಲೆಯ ಒಲೆ ಉರಿಯದು. ಅಂದು ರಾತ್ರಿ ಉಳಿದ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟರೂ ಮಗುವಿನ ಹೊಟ್ಟೆ ತಣಿಯುವುದು.