ಕರಗಲಿ, ಆದರೆ ಹೇಳಿದ ದಿನಕ್ಕೆ

ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಬಾಣಂತಿಯನ್ನು ಆಂಬುಲೆನ್ಸಿನಲ್ಲಿ ಕರೆತಂದರೆ ನಮ್ಮ ಕ್ಯಾಥ್‌ಲ್ಯಾಬಿನಲ್ಲಿ ಮೊದಲು ಹುಡುಕುವ ಸಾಮಾನುಗಳಲ್ಲಿ ಒಂದು ಕತ್ತರಿ. ಜೆಲಾಟಿನ್ ಸ್ಪಂಜಿನ ಬಿಳಿ ಹಾಳೆಯನ್ನು ಚೂರು ಮಾಡಿ, ಡೈ ಬೆರೆಸಿ, ಎರಡು ಸಿರಿಂಜುಗಳ ನಡುವೆ ಅತ್ತಿತ್ತ ತಳ್ಳಿ ಗಂಜಿಯ ಹದಕ್ಕೆ ತರುತ್ತೇವೆ. ತೊಡೆಸಂದಿಯಿಂದ ಒಳಗೆ ಬಿಟ್ಟ ಕ್ಯಾತಿಟರ್ ಗರ್ಭಕೋಶದ ಅಪಧಮನಿ ಮುಟ್ಟಿದ ಮೇಲೆ ಆ ಗಂಜಿಯನ್ನು ಮೆಲ್ಲಗೆ ಬಿಡುತ್ತೇವೆ. ಬಹಳಷ್ಟು ಸಲ ರಕ್ತ ನಿಲ್ಲುತ್ತದೆ, ಗರ್ಭಕೋಶವೂ ಉಳಿಯುತ್ತದೆ. ಕೆಲವು ವಾರಗಳಲ್ಲಿ ಸ್ಪಂಜು ಕರಗಿ ನಾಳ ಮತ್ತೆ ತೆರೆದುಕೊಳ್ಳುತ್ತದೆ.

ಇಷ್ಟು ಒಳ್ಳೆಯ ವಸ್ತುವಿನ ಮೇಲೆ ನನಗೇಕೆ ತಕರಾರು? 1940ರ ದಶಕದಲ್ಲಿ ಇದು ಬಂದದ್ದು ಶಸ್ತ್ರಚಿಕಿತ್ಸಕರು ಗಾಯದ ಮೇಲೆ ಒತ್ತಿಡಲೆಂದು, ನಾಳದೊಳಗೆ ಬಿಡಲೆಂದಲ್ಲ. ಕೈಯಲ್ಲಿ ಕತ್ತರಿಸಿದ ಚೂರುಗಳು ಒಂದೇ ಗಾತ್ರಕ್ಕೆ ಬರುವುದಿಲ್ಲ. ತೀರಾ ಸಣ್ಣವು ಆಳದ ಕಿರುನಾಳಗಳಿಗೆ ನುಗ್ಗಿದರೆ ಅಂಗಾಂಶವೇ ಕೊಳೆಯಬಹುದು. ಯಾವ ದಿನಕ್ಕೆ ಕರಗುತ್ತದೆಂದು ಖಚಿತವಾಗಿ ಹೇಳಲೂ ಆಗದು. ಇನ್ನೊಂದು ಮಾತು: ನಾವು ಬಳಸುವ ಸ್ಪಂಜಿನ ಜೆಲಾಟಿನ್ ಹಂದಿಯ ಚರ್ಮದ್ದು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವಾಗ ಇದನ್ನು ಎಷ್ಟು ಮಂದಿ ವೈದ್ಯರು ಹೇಳುತ್ತಾರೋ!

ನಾಳ ಮುಚ್ಚಲು ಕರಗುವ ವಸ್ತು ಬಳಸುವುದು ಹೊಸದೇನಲ್ಲ. 1972ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯರಾದ ರೋಶ್, ಡಾಟರ್ ಮತ್ತು ಬ್ರೌನ್ ಜಠರದ ರಕ್ತಸ್ರಾವ ನಿಲ್ಲಿಸಲು ರೋಗಿಯದೇ ಹೆಪ್ಪುಗಟ್ಟಿದ ರಕ್ತವನ್ನು ಬಳಸಿದರು. ಅದೂ ಕರಗುವ ವಸ್ತುವೇ. ಆಮೇಲೆ ಪಿವಿಎ ಎಂಬ ಪ್ಲಾಸ್ಟಿಕ್ಕಿನ ಕಣಗಳು, ಲೋಹದ ಕಾಯಿಲ್‌ಗಳು ಬಂದವು. ದೇಹ ಅವನ್ನು ಕರಗಿಸಲಾರದು.

ಕರಗುವುದೆಲ್ಲ ಮೇಲು ಎಂದು ನಾನು ವಾದಿಸುತ್ತಿಲ್ಲ. ಕ್ಷಯದಿಂದ ಹಾಳಾದ ಶ್ವಾಸಕೋಶದಿಂದ ರಕ್ತ ಕೆಮ್ಮುವವರಿಗೆ ಸ್ಪಂಜು ಹಾಕಿದರೆ ನಾಳ ತೆರೆದುಕೊಂಡು ರಕ್ತ ಮತ್ತೆ ಕಾಣಿಸಿಕೊಳ್ಳುವ ಭಯ. ಅಲ್ಲಿ ನನಗೆ ಪಿವಿಎ ಬೇಕು. ಲಿವರ್ ಕ್ಯಾನ್ಸರಿನಲ್ಲಿ ಲೆಕ್ಕವೇ ಬೇರೆ. ಗಡ್ಡೆಗೆ ಔಷಧ ಕೊಟ್ಟು ನಾಳ ಮುಚ್ಚುವ ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮೊದಲ ಸಲವೇ ನಾಳ ಕಾಯಂ ಮುಚ್ಚಿಹೋದರೆ ಮುಂದಿನ ಸಲ ಕ್ಯಾತಿಟರ್ ಹೋಗುವುದಾದರೂ ಎಲ್ಲಿಂದ? ಪಿಷ್ಟದ ಕಣಗಳೂ ಇವೆ, ಆದರೆ ರಕ್ತದಲ್ಲಿರುವ ಅಮೈಲೇಸ್ ಅವನ್ನು ಗಂಟೆಯ ಆಸುಪಾಸಿನಲ್ಲೇ ಬಹುಪಾಲು ಕರಗಿಸಿಬಿಡುತ್ತದೆ. ನನಗೆ ಬೇಕಾದದ್ದು ಗಂಟೆಗೂ ಆಯುಷ್ಯಕ್ಕೂ ನಡುವಿನದು: ಒಂದೇ ಅಳತೆಯ ಕಣ, ಡಬ್ಬಿಯ ಮೇಲೆ ಗಾತ್ರದ ಮೈಕ್ರಾನ್ ಇದ್ದಂತೆ ಕರಗುವ ದಿನಗಳೂ ಮುದ್ರಿತವಾಗಿರಬೇಕು.

ಅಸಾಧ್ಯವೇನಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದವರು ಕೈಟೋಸಾನ್ ಮತ್ತು ಸೆಲ್ಯುಲೋಸಿನಿಂದ ಇಂಥ ಗುಂಡುಕಣಗಳನ್ನು ಮಾಡಿದ್ದಾರೆ. ಕೈಟೋಸಾನ್ ತೆಗೆಯುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಸಿಗಡಿಗೆ ಮಲ್ಪೆ, ಮಂಗಳೂರಿನಲ್ಲಿ ಬರವೇ? ಪರಿಣತಿಗೂ ಬರವಿಲ್ಲ: ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಅಗ್ಗದ ಹೃದಯ ಕವಾಟವನ್ನು ಇಲ್ಲೇ ರೂಪಿಸಿ 1990ರಲ್ಲಿ ರೋಗಿಗೆ ಅಳವಡಿಸಿತು. ಸರ್ಕಾರಿ ಹಣದಲ್ಲಿ ಕವಾಟ ಮಾಡಿದ ದೇಶಕ್ಕೆ ಕಣ ದೊಡ್ಡದಲ್ಲ. ವಿದೇಶಿ ಕಣಗಳ ಬೆಲೆ ಕೇಳಿ ಜಿಲ್ಲಾ ಆಸ್ಪತ್ರೆಗಳು ಹಿಂಜರಿಯುವುದೂ ಆಗ ತಪ್ಪೀತು.

ಅಂಥ ಕಣ ತಯಾರಾಗಿ ಪ್ರಾಣಿಗಳಲ್ಲಿ ಪರೀಕ್ಷೆ ಮುಗಿದ ಮೇಲೆ ಬಾಣಂತಿಯರಿಂದ ಶುರು ಮಾಡುವುದು ಬೇಡ. ಲಿವರ್ ಕ್ಯಾನ್ಸರ್ ರೋಗಿಗಳ ಒಪ್ಪಿಗೆ ಪಡೆದು ಅವರಲ್ಲಿ ಮೊದಲು ನೋಡಲಿ. ಅವರಲ್ಲಿ ಅನೇಕರು ಹೇಗೂ ಮುಂದಿನ ಸರದಿಗೆ ಬರುತ್ತಾರೆ. ನಾಳ ತೆರೆದಿದೆಯೋ ಇಲ್ಲವೋ ಆಂಜಿಯೋಗ್ರಾಂನಲ್ಲಿ ನಮ್ಮ ಕಣ್ಣಿಗೇ ಕಾಣುತ್ತದೆ.